ಒಂದು ಮುಖ, ನೂರಹನ್ನೊಂದು ವರುಷ
(ವೀರಾಪುರದಿಂದ ಸಿದ್ಧಗಂಗೆಯವರೆಗೆ)

ತುಮಕೂರಿನ ಬಳಿಯ ಸಿದ್ಧಗಂಗಾ ಕ್ಷೇತ್ರವನ್ನು ಒಮ್ಮೆಯಾದರೂ ಕಾಣದ ಶರಣ ಕುಟುಂಬ ಹಳೆಯ ಮೈಸೂರು ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಮಗುವಿಗೆ ಅಕ್ಷರಾಭ್ಯಾಸ, ಶಿವರಾತ್ರಿಯ ಜಾತ್ರೆ, ದನಗಳ ಪರಿಷೆ, ಹರಕೆ ಹೀಗೆ ಏನಾದರೊಂದು ನಿಮಿತ್ತದಿಂದ ಜನರು ಅಲ್ಲಿಗೆ ಹೋಗುತ್ತಲೇ ಇರುತ್ತಾರೆ. ಆದುದರಿಂದ ಕ್ಷೇತ್ರದ ವರ್ಣನೆಯನ್ನೇ ಮತ್ತೊಮ್ಮೆ ಬರೆದು ವಾಚಕರ ಸಮಯವನ್ನು ಕಳೆಯುವ ಉದ್ದೇಶ ನಮಗಿಲ್ಲ. ಕಳೆದ ಚಳಿಗಾಲದಲ್ಲಿ ನಾವು ಕೈಗೊಂಡ ಮೂರು ದಿನಗಳ ಪ್ರವಾಸದ ಗುರಿ ಬೇರೆಯಾಗಿತ್ತು. ಮನುಷ್ಯನ ಮುಖವು ಬಾಲ್ಯದಿಂದ ಕಡುಮುಪ್ಪಿನವರೆಗೆ ಎಷ್ಟು ಬದಲಾಗುತ್ತದೆ, ಅಷ್ಟು ಬದಲಾದ ಮೇಲೂ ಅವನು ಅವನೇ ಎಂದು ಲೋಕ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಯೊಂದು ಬಹುಕಾಲದಿಂದ ನಮ್ಮಲ್ಲಿ ಉಳಿದಿತ್ತು. ಅದನ್ನು ಪುಸ್ತಕದಲ್ಲಿ ಹುಡುಕುವ ಬದಲು, ನಮ್ಮ ಕಾಲದಲ್ಲಿಯೇ 111 ವರುಷ ಬಾಳಿದ ಒಬ್ಬ ಮಹನೀಯರ ಜೀವನದ ಸ್ಥಳಗಳನ್ನು ಕ್ರಮವಾಗಿ ನೋಡುತ್ತಾ ಹೋಗೋಣವೆಂದು ನಿಶ್ಚಯಿಸಿದೆವು. ಅವರು ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು.

ನಮ್ಮೊಡನೆ ಇಬ್ಬರು ಹಿರಿಯರಿದ್ದರು. ಒಬ್ಬರು ನಿವೃತ್ತ ಉಪಾಧ್ಯಾಯರು, ಎಂಬತ್ತಾರು ವರುಷದವರು. ಇನ್ನೊಬ್ಬರು ತೆಂಗು ಅಡಿಕೆಯ ತೋಟ ಮಾಡಿಕೊಂಡಿರುವ ರೈತರು, ಅವರಿಗಿಂತ ಎರಡು ವರುಷ ಕಿರಿಯರು. ಇಬ್ಬರೂ ಬಾಲಕರಾಗಿದ್ದಾಗ ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು, ಅಲ್ಲಿಯ ಪ್ರಸಾದ ಉಂಡು ಓದಿದವರು. ಎಪ್ಪತ್ತು ವರುಷಗಳ ಸ್ನೇಹ. ಈಗಲೂ ಒಬ್ಬರನ್ನೊಬ್ಬರು ಏಕವಚನದಲ್ಲಿಯೇ ಕರೆದುಕೊಳ್ಳುತ್ತಾರೆ.

ವೀರಾಪುರ

ಮಾಗಡಿ ತಾಲ್ಲೂಕಿನ ವೀರಾಪುರ ಬಯಲುಸೀಮೆಯ ಎಲ್ಲ ಹಳ್ಳಿಗಳಂತೆಯೇ ಒಂದು ಹಳ್ಳಿ. ರಾಗಿಯ ಹೊಲ, ಹುಣಸೆಮರ, ದೂರದಲ್ಲಿ ಬಂಡೆಗಲ್ಲಿನ ಬೆಟ್ಟಗಳ ಸಾಲು. 1907ರ ಏಪ್ರಿಲ್ 1ರಂದು ಹೊನ್ನೇಗೌಡ ಮತ್ತು ಗಂಗಮ್ಮ ದಂಪತಿಗಳ ಮಗನಾಗಿ ಇಲ್ಲಿ ಜನಿಸಿದ ಶಿಶುವಿಗೆ ಇಟ್ಟ ಹೆಸರು ಶಿವಣ್ಣ. ಆ ಕಾಲದ ರೈತಾಪಿ ಮನೆಯಲ್ಲಿ ಮಕ್ಕಳ ಭಾವಚಿತ್ರ ತೆಗೆಸುವ ರೂಢಿ ಎಲ್ಲಿಯದು? ನಮ್ಮ ಅಜ್ಜ ಅಜ್ಜಿಯರಲ್ಲಿ ಬಹುಮಂದಿ ತಮ್ಮ ಬಾಲ್ಯದ ಮುಖವನ್ನು ತಾವೇ ಮತ್ತೆ ಕಾಣದೆ ಹೋದವರು. ಕೆರೆಯ ನೀರು, ಹಿತ್ತಾಳೆಯ ತಟ್ಟೆ, ಜಾತ್ರೆಯಲ್ಲಿ ಕೊಂಡ ಕೈಗನ್ನಡಿ ಇವಿಷ್ಟೇ ಅವರಿಗೆ ತಮ್ಮ ಮುಖ ತೋರಿಸಿದ ಸಾಧನಗಳು.

ಶಿಶುವಿನ ಮುಖವೆಂಬುದು ಇನ್ನೂ ಪೂರ್ತಿ ಬರೆಯದ ಅಕ್ಷರ. ಹುಟ್ಟಿದಾಗ ಮುಖದ ಭಾಗವು ಇಡೀ ತಲೆಬುರುಡೆಯ ಎಂಟನೆಯ ಒಂದರಷ್ಟಿರುತ್ತದೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಉಳಿದುದೆಲ್ಲ ಮಿದುಳಿನ ಕೋಶ. ಹಲ್ಲು ಮೂಡಿ, ದವಡೆ ಬೆಳೆದು, ಮೂಗಿನ ಕಂಬ ಎದ್ದ ಮೇಲೆಯೇ ಮುಖ ಕೆಳಮುಖವಾಗಿ ಉದ್ದವಾಗುವುದು. ಆದುದರಿಂದ "ಮಗು ಯಾರ ಹಾಗಿದೆ" ಎಂಬ ಪ್ರಶ್ನೆಗೆ ತೊಟ್ಟಿಲ ಸುತ್ತ ನಿಂತ ಹತ್ತು ಮಂದಿ ಹತ್ತು ಉತ್ತರ ಕೊಟ್ಟರೆ ಅದರಲ್ಲಿ ಆಶ್ಚರ್ಯವಿಲ್ಲ. ಪ್ರತಿಯೊಬ್ಬರೂ ಕಾಣುತ್ತಿರುವುದು ಮಗುವಿನ ಮುಖದಲ್ಲಿ ತಮಗೆ ಬೇಕಾದವರನ್ನು.

2019ರ ನವೆಂಬರಿನಲ್ಲಿ ಈ ಊರಿನಲ್ಲಿ ಪೂಜ್ಯರ 111 ಅಡಿ ಎತ್ತರದ ಪ್ರತಿಮೆಗೆ ಶಂಕುಸ್ಥಾಪನೆ ನೆರವೇರಿತು. ಆ ವಿಷಯ ಬಂದಾಗ ನಮ್ಮ ಉಪಾಧ್ಯಾಯ ಮಿತ್ರರು ಒಂದು ಮಾತನ್ನೆತ್ತಿದರು. "ಶಾಸ್ತ್ರಿಗಳೇ, ಪ್ರತಿಮೆ ಮಾಡುವ ಶಿಲ್ಪಿ ಯಾವ ವಯಸ್ಸಿನ ಮುಖ ಕೆತ್ತಬೇಕು? ಈ ಊರಿನವರು ಕಂಡದ್ದು ಶಿವಣ್ಣನ ಮುಖ. ನಾವು ಕಂಡದ್ದು ಐವತ್ತರ ಆಸುಪಾಸಿನ ಬುದ್ಧಿಯವರ ಮುಖ. ನಮ್ಮ ಮೊಮ್ಮಕ್ಕಳಿಗೆ ಗೊತ್ತಿರೋದು ನೂರು ದಾಟಿದ ಮುಖ." ರೈತ ಮಿತ್ರರು ಕೂಡಲೇ, "ಯಾವುದಾದರೂ ಕೆತ್ತಲಿ ಬಿಡಯ್ಯ, ಹಣೆ ಮೇಲೆ ವಿಭೂತಿ ಇದ್ದರೆ ಗುರುತು ಸಿಕ್ಕೇ ಸಿಗುತ್ತೆ" ಎಂದರು. ಆ ಮಾತನ್ನು ಅವರು ತಮಾಷೆಗೆ ಹೇಳಿದ್ದರೂ ನಮಗೆ ಅದರಲ್ಲಿ ಅರ್ಥ ಕಂಡಿತು. ಮುಖದ ಮೇಲೆ ಕಾಲ ಬರೆದದ್ದು ಒಂದು. ಮನುಷ್ಯನು ತಾನಾಗಿ ಧರಿಸಿದ ಕುರುಹು ಇನ್ನೊಂದು.

ನಾಗವಲ್ಲಿ ಮತ್ತು ಹೆಸರಿನ ಬದಲಾವಣೆ

ಎರಡನೆಯ ದಿನ ನಾಗವಲ್ಲಿಗೆ ಹೋದೆವು. ಬಾಲಕ ಶಿವಣ್ಣ ಇಲ್ಲಿಯ ಶಾಲೆಯಲ್ಲಿ ಓದಿದವರು. ಮುಂದೆ ಸಿದ್ಧಗಂಗೆಯ ವಿದ್ಯಾರ್ಥಿಯಾಗಿ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ಭೌತಶಾಸ್ತ್ರ, ಗಣಿತಗಳನ್ನು ಆಯ್ದುಕೊಂಡಿದ್ದ ಆ ಯುವಕ ಮುಂದೆ ಯಾರಾಗಬಹುದೆಂದು ಆಗ ಕೇಳಿದ್ದರೆ, ಅಧ್ಯಾಪಕ ಅಥವಾ ಅಧಿಕಾರಿ ಎಂದೇ ಜನರು ಹೇಳುತ್ತಿದ್ದರೇನೋ. 1930ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಗಳಾಗಬೇಕಿದ್ದ ಶ್ರೀ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಆಗಿನ ಅಧ್ಯಕ್ಷರಾದ ಶ್ರೀ ಉದ್ದಾನ ಶಿವಯೋಗಿಗಳ ದೃಷ್ಟಿ ಈ ವಿದ್ಯಾರ್ಥಿಯ ಮೇಲೆ ಬಿದ್ದಿತು. ಪದವಿ ಪೂರ್ತಿಯಾಗಲಿಲ್ಲ. 1930ರ ಮಾರ್ಚ್ 3ರಂದು ವಿರಕ್ತಾಶ್ರಮದ ದೀಕ್ಷೆಯಾಯಿತು. ಶಿವಣ್ಣ ಎಂಬ ಹೆಸರು ಹೋಗಿ ಶಿವಕುಮಾರ ಎಂಬ ಹೆಸರು ಬಂದಿತು.

ವಾಚಕರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ದೀಕ್ಷೆಯ ಮೊದಲ ದಿನ ಇದ್ದ ಮುಖವೇ ದೀಕ್ಷೆಯ ಮರುದಿನವೂ ಇತ್ತು. ಮೂಗು, ಕಣ್ಣು, ಹಣೆ ಒಂದು ಎಳೆಯಷ್ಟೂ ಬದಲಾಗಲಿಲ್ಲ. ಆದರೆ ಮನುಷ್ಯನು ಬೇರೆಯಾದನು. ಮನೆತನ, ಆಸ್ತಿಯ ಹಕ್ಕು, ಮಗ ತಮ್ಮ ಎಂಬ ಸಂಬಂಧಗಳು ಎಲ್ಲವೂ ಕಳಚಿದುವು. ವಿರಕ್ತ ಪರಂಪರೆಯಲ್ಲಿ ಅದನ್ನು ಪುನರ್ಜನ್ಮವೆಂದೇ ಭಾವಿಸುತ್ತಾರೆ. ಹೀಗೆ ಮುಖ ಬದಲಾಗದೆ ಗುರುತು ಬದಲಾಗಬಹುದು. ಇದಕ್ಕೆ ವಿರುದ್ಧವಾದುದನ್ನು, ಎಂದರೆ ಮುಖವೆಲ್ಲ ಬದಲಾಗಿಯೂ ಗುರುತು ನಿಂತದ್ದನ್ನು, ಕಾಣಲು ನಾವು ಮೂರನೆಯ ದಿನ ಸಿದ್ಧಗಂಗೆಗೆ ಹೋದೆವು.

ಸಿದ್ಧಗಂಗೆಯ ಬೆಟ್ಟದಡಿಯಲ್ಲಿ

ಬೆಂಗಳೂರಿನಿಂದ ಸುಮಾರು 65 ಕಿ.ಮೀ. ದೂರದಲ್ಲಿ, ಪುಣೆಯ ಕಡೆಗೆ ಹೋಗುವ ಹೆದ್ದಾರಿಯಿಂದ ಕ್ಯಾತ್ಸಂದ್ರದ ಬಳಿ ಒಳಕ್ಕೆ ತಿರುಗಿದರೆ ಬೆಟ್ಟದ ಬುಡದಲ್ಲಿ ಶ್ರೀಮಠವಿದೆ. ಹದಿನೈದನೆಯ ಶತಮಾನದ ಶ್ರೀ ಗೋಸಲ ಸಿದ್ಧೇಶ್ವರರ ಕಾಲಕ್ಕೆ ಮಠದ ಮೂಲವನ್ನು ಹೇಳುತ್ತಾರೆ. ಬಂಡೆಯ ಒಡಲಿನಿಂದ ಗಂಗೆ ಹೊಮ್ಮಿದಳೆಂಬ ಐತಿಹ್ಯದಿಂದ ಸ್ಥಳಕ್ಕೆ ಈ ಹೆಸರು. ಬೆಳಗಿನ ಸಾಮೂಹಿಕ ಪ್ರಾರ್ಥನೆಯ ಹೊತ್ತಿಗೆ ನಾವು ತಲಪಿದೆವು. ಸಾವಿರಾರು ಬಾಲಕರು ಸಾಲಾಗಿ ಕುಳಿತು ಒಂದೇ ದನಿಯಲ್ಲಿ ಪ್ರಾರ್ಥಿಸುವುದನ್ನು ಕೇಳಿದವರು ಮರೆಯಲಾರರು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹಕ್ಕೆ ಜಾತಿ ಮತಗಳ ಕಟ್ಟಿಲ್ಲ.

1941ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಸಂಪೂರ್ಣ ಹೊಣೆ ಶ್ರೀ ಶಿವಕುಮಾರ ಸ್ವಾಮಿಗಳ ಮೇಲೆ ಬಿದ್ದಿತು. ಆಗ ಅವರಿಗೆ ಮೂವತ್ತಮೂರು ವರುಷ. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ನೂರಹನ್ನೊಂದು. ನಡುವಿನ ಎಪ್ಪತ್ತೆಂಟು ವರುಷಗಳ ಭಾವಚಿತ್ರಗಳು ಭಕ್ತರ ಮನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ಸುಗಳ ಮುಂಗಾಜಿನ ಮೇಲೆ, ಕ್ಯಾಲೆಂಡರುಗಳಲ್ಲಿ ಇವೆ. ಇವನ್ನು ವಯಸ್ಸಿನ ಕ್ರಮದಲ್ಲಿ ಮನಸ್ಸಿನಲ್ಲಿಯೇ ಜೋಡಿಸಿಕೊಂಡು ನೋಡಿದರೆ ಮುಪ್ಪು ಮುಖದ ಮೇಲೆ ಮಾಡುವ ಕೆಲಸವೆಲ್ಲ ತಿಳಿಯುತ್ತದೆ. ನೆಟ್ಟಗಿದ್ದ ಬೆನ್ನು ವರ್ಷ ವರ್ಷಕ್ಕೆ ಬಾಗುತ್ತ ಹೋಗಿ, ಕೊನೆಯ ವರುಷಗಳಲ್ಲಿ ದರ್ಶನಕ್ಕೆ ಬಂದವರು ತಾವೇ ಬಗ್ಗಿ ಮುಖ ನೋಡಬೇಕಾಗಿತ್ತು.

ನಾವು ಪೂಜ್ಯರನ್ನು ಮೊದಲು ಕಂಡದ್ದು 1972ರಲ್ಲಿ, ನಮ್ಮ ಹನ್ನೆರಡನೆಯ ವಯಸ್ಸಿನಲ್ಲಿ. ಆಗ ನಾವು ಬೇರೊಂದು ಮಠದ ಪಾಠಶಾಲೆಯ ವಿದ್ಯಾರ್ಥಿಗಳು. ಅವರಿಗೆ ಅರವತ್ತೈದು. ಬಾಲಕನ ಕಣ್ಣಿಗೆ ಅವರು ಅತಿ ವೃದ್ಧರಾಗಿಯೇ ಕಂಡರು. ಅಂದು ಅವರಿಗಿದ್ದ ವಯಸ್ಸು ಇಂದು ನಮಗೆ ಬಂದಿದೆ. ಅಂದಿನಿಂದ ಮುಂದೆ ಅವರು ಇನ್ನೂ ನಲವತ್ತಾರು ವರುಷ ಕಾಯಕ ಮಾಡಿದರೆಂಬುದನ್ನು ನೆನೆದಾಗ, ಕನ್ನಡಿಯಲ್ಲಿ ನರೆಗೂದಲು ಕಂಡು ನಿಟ್ಟುಸಿರು ಬಿಡುವುದು ಎಷ್ಟು ಅಲ್ಪವೆನಿಸುತ್ತದೆ.

ಮುಪ್ಪು ಮುಖವನ್ನು ಹೇಗೆ ಮಾರ್ಪಡಿಸುತ್ತದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಚರ್ಮ ಸುಕ್ಕುಗಟ್ಟುವುದೊಂದೇ ಮುಪ್ಪೆಂದು ನಾವು ತಿಳಿಯುತ್ತೇವೆ. ನಿಜವಾಗಿ ಬದಲಾವಣೆ ಎಲುಬಿನಿಂದ ಹಿಡಿದು ಚರ್ಮದವರೆಗೆ ಎಲ್ಲ ಪದರಗಳಲ್ಲಿಯೂ ನಡೆಯುತ್ತದೆ. ಕಣ್ಣಿನ ಕುಳಿ ಅಗಲವಾಗುತ್ತದೆ. ಮೇಲ್ದವಡೆ ಹಿಂದಕ್ಕೆ ಸರಿಯುತ್ತದೆ. ಹಲ್ಲು ಬಿದ್ದ ಮೇಲೆ ದವಡೆಯ ಎಲುಬು ಸವೆದು ಗದ್ದವು ಮೂಗಿನ ಸಮೀಪಕ್ಕೆ ಬರುತ್ತದೆ. ಕೆನ್ನೆಯ ಕೊಬ್ಬು ಕರಗಿ, ಉಳಿದದ್ದು ಕೆಳಕ್ಕೆ ಜಾರುತ್ತದೆ. ಚರ್ಮಕ್ಕೆ ಬಿಗಿ ಕೊಡುವ ತಂತುಗಳು ಕ್ಷೀಣಿಸಿ ಅದು ತಾಳೆಯೋಲೆಯಂತೆ ತೆಳ್ಳಗಾಗುತ್ತದೆ. ಕಣ್ಣಿನ ಕರಿಯ ಭಾಗದ ಸುತ್ತ ಬಿಳಿಯ ಉಂಗುರ ಮೂಡುವುದುಂಟು. ಇವೆಲ್ಲವೂ ಕುಗ್ಗುತ್ತಿರುವಾಗ ಕಿವಿಗಳು ಮಾತ್ರ ಉದ್ದವಾಗುತ್ತವೆ! 1995ರಲ್ಲಿ ಇಂಗ್ಲೆಂಡಿನ ಹೀತ್‌ಕೋಟ್ ಎಂಬ ವೈದ್ಯರು ಮೂವತ್ತು ವರುಷ ಮೀರಿದ 206 ಮಂದಿಯ ಕಿವಿಗಳನ್ನು ಅಳೆದು, ವರುಷಕ್ಕೆ ಸರಾಸರಿ 0.22 ಮಿಲಿಮೀಟರಿನಷ್ಟು ಕಿವಿ ಉದ್ದವಾಗುವುದೆಂದು ಪ್ರಕಟಿಸಿದರು. ಐವತ್ತು ವರುಷಕ್ಕೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಾಯಿತು. ಶತಾಯುಷಿಗಳ ಚಿತ್ರಗಳಲ್ಲಿ ಕಿವಿ ದೊಡ್ಡದಾಗಿ ತೋರುವುದಕ್ಕೆ ಸುತ್ತಲಿನ ಮುಖ ಸಣ್ಣದಾಗಿರುವುದೂ ಒಂದು ಕಾರಣ.

ಇನ್ನೊಂದು ವಿಶೇಷವಿದೆ. ಯೌವನವು ಮುಖಗಳನ್ನು ಬೇರೆ ಬೇರೆ ಮಾಡುತ್ತದೆ. ಕಡುಮುಪ್ಪು ಅವನ್ನು ಮತ್ತೆ ಒಂದರಂತೆ ಮಾಡುತ್ತದೆ. ತೊಂಬತ್ತು ದಾಟಿದ ಅಜ್ಜ ಅಜ್ಜಿಯರ ಮುಖಗಳನ್ನು ಮಾತ್ರ ತೋರಿಸಿದರೆ ಗಂಡಸು ಯಾರು, ಹೆಂಗಸು ಯಾರು ಎಂದು ಹೇಳುವುದೂ ಕೆಲವೊಮ್ಮೆ ಕಷ್ಟ. ತೊಟ್ಟಿಲ ಕೂಸುಗಳಲ್ಲಿಯೂ ಹೀಗೆಯೇ ಅಲ್ಲವೆ? ಸೌಂದರ್ಯ, ದರ್ಪ, ಗಂಡು ಹೆಣ್ಣೆಂಬ ಭೇದ ಇವೆಲ್ಲ ನಡುವಿನ ಕೆಲವು ದಶಕಗಳ ಮಾತು.

ಒಬ್ಬ ಹುಡುಗ, ಇಬ್ಬರು ವೃದ್ಧರು

ಮಧ್ಯಾಹ್ನದ ಪ್ರಸಾದವಾದ ಮೇಲೆ ಮರದ ನೆರಳಿನಲ್ಲಿ ಕುಳಿತಿದ್ದಾಗ ಉಪಾಧ್ಯಾಯ ಮಿತ್ರರು ಚೀಲದಿಂದ ಒಂದು ಹಳೆಯ ಭಾವಚಿತ್ರವನ್ನು ತೆಗೆದರು. 1954ರಲ್ಲಿ ತೆಗೆದದ್ದು. ನಾಲ್ಕು ಸಾಲುಗಳಲ್ಲಿ ಬಾಲಕರು, ಎಲ್ಲರದೂ ಒಂದೇ ತೆರನ ಕೂದಲು, ಹಣೆಯಲ್ಲಿ ವಿಭೂತಿ. ಚಿತ್ರದ ಅಂಚು ಗೆದ್ದಲು ತಿಂದು ಕೆಲವು ಮುಖಗಳು ಮಸುಕಾಗಿದ್ದುವು. ಎರಡನೆಯ ಸಾಲಿನ ಬಲಗಡೆಯಿಂದ ಮೂರನೆಯ ಹುಡುಗನ ಮೇಲೆ ಬೆರಳಿಟ್ಟು, "ಇದು ನಾನು" ಎಂದರು. ರೈತ ಮಿತ್ರರು ಕನ್ನಡಕ ಏರಿಸಿ ನೋಡಿ, "ಅಲ್ಲ ಕಣೋ, ಅದು ನಾನು. ಆ ಅಂಗಿ ನಮ್ಮಪ್ಪ ಸಂತೆಯಿಂದ ತಂದದ್ದು" ಎಂದರು.

ಬಹಳ ಹೊತ್ತು ವಾದವಾಯಿತು. ಕಿವಿ ನೋಡಿದರು, ಹುಬ್ಬು ನೋಡಿದರು, ಹಲ್ಲು ನೋಡೋಣವೆಂದರೆ ಹುಡುಗ ಬಾಯಿ ಮುಚ್ಚಿಕೊಂಡಿದ್ದಾನೆ. ಇವರಿಬ್ಬರ ಬಾಯಲ್ಲಿಯೂ ಈಗ ಸ್ವಂತ ಹಲ್ಲಿಲ್ಲ. ಚಿತ್ರದ ಹಿಂದೆ ಹೆಸರು ಬರೆದಿರಲಿಲ್ಲ. ನಮ್ಮನ್ನು ನ್ಯಾಯ ಹೇಳಲು ಕೇಳಿದರು. ಹುಡುಗನ ಮುಖವನ್ನೂ ಎರಡು ವೃದ್ಧ ಮುಖಗಳನ್ನೂ ನಾವು ಎಷ್ಟು ಬಾರಿ ಹೋಲಿಸಿದರೂ ನಿರ್ಣಯವಾಗಲಿಲ್ಲ. ಕೊನೆಗೆ ರೈತ ಮಿತ್ರರೇ, "ಹೋಗಲಿ, ಅವನು ನೀನೇ ಆಗು. ಊಟವನ್ನಂತೂ ಇಬ್ಬರೂ ಮಾಡಿದೀವಲ್ಲ" ಎಂದು ಚಿತ್ರವನ್ನು ಹಿಂದಕ್ಕೆ ಕೊಟ್ಟರು. ಉಪಾಧ್ಯಾಯರು ಅದನ್ನು ಚೀಲದಲ್ಲಿಡದೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ, "ಈ ಚಿತ್ರದಲ್ಲಿರೋರಲ್ಲಿ ನನಗೆ ಗೊತ್ತಿರೋ ಹಾಗೆ ನಾವಿಬ್ಬರೇ ಉಳಿದಿರೋದು. ಇವನು ಹೋದರೆ, ನಾನು ಹುಡುಗನಾಗಿದ್ದೆ ಅನ್ನೋದಕ್ಕೆ ಸಾಕ್ಷಿ ಯಾರು ಶಾಸ್ತ್ರಿಗಳೇ?" ಎಂದರು. ನಮ್ಮಲ್ಲಿ ಒಡನೆ ಉತ್ತರವಿರಲಿಲ್ಲ.

ಸಾಕ್ಷಿಯ ಮಾತು ಅವರಿಗೆ ಸುಮ್ಮನೆ ಹೊಳೆದುದಲ್ಲ. ಹಿಂದಿನ ವರುಷ ಒಂದು ಕಚೇರಿಯಲ್ಲಿ ಅವರ ನಿವೃತ್ತಿ ವೇತನದ ಸಲುವಾಗಿ ಹೆಬ್ಬೆರಳಿನ ಗುರುತು ಕೇಳಿದರಂತೆ. ಯಂತ್ರವು ಮೂರು ಸಲವೂ ಒಪ್ಪಲಿಲ್ಲ. ಗಾಜಿನ ಹಿಂದಿದ್ದ ಹುಡುಗ, "ತಾತ, ಇದು ನಿಮ್ಮ ಬೆರಳಲ್ಲ ಅಂತಿದೆ" ಎಂದನಂತೆ. ಬೆರಳಿನ ರೇಖೆಗಳು ತಾಯಿಯ ಗರ್ಭದಲ್ಲಿಯೇ ಮೂಡಿ ಜೀವನಪೂರ್ತಿ ತಮ್ಮ ವಿನ್ಯಾಸವನ್ನು ಬದಲಿಸವು. ಆದರೆ ಮುಪ್ಪಿನಲ್ಲಿ ಚರ್ಮ ತೆಳ್ಳಗಾಗಿ, ಒಣಗಿ, ರೇಖೆಗಳು ತಗ್ಗಿ ಹೋಗುವುದರಿಂದ ಯಂತ್ರಕ್ಕೆ ಅವು ಕಾಣುವುದಿಲ್ಲ. ಮಣ್ಣಿನಲ್ಲಿ ದುಡಿದ ಕೈಗಳಿಗಂತೂ ಈ ತೊಂದರೆ ಇನ್ನೂ ಹೆಚ್ಚು. ಕೆಲವು ದಿನಗಳ ಅಲೆದಾಟದ ಬಳಿಕ ಕಣ್ಣಿನ ಪಾಪೆಯ ಗುರುತಿನಿಂದ ಕೆಲಸವಾಯಿತು.

ಇಂಥ ಕಷ್ಟದಲ್ಲಿರುವ ಮನೆಗಳಿಗೆ ತಿಳಿದಿರಲೆಂದು ಒಂದು ಮಾತು. ನಿವೃತ್ತಿ ವೇತನದಾರರು ಬದುಕಿರುವುದನ್ನು ದೃಢಪಡಿಸಲು ಕೇಂದ್ರ ಸರ್ಕಾರವು 2014ರ ನವೆಂಬರಿನಲ್ಲಿ ಜೀವನ ಪ್ರಮಾಣವೆಂಬ ವ್ಯವಸ್ಥೆಯನ್ನು ತಂದಿತು. ಬೆರಳು, ಕಣ್ಣಿನ ಪಾಪೆಗಳಲ್ಲದೆ, 2021ರ ನವೆಂಬರಿನಿಂದ ಮೊಬೈಲ್ ಫೋನಿನ ಕ್ಯಾಮೆರಾದಲ್ಲಿ ಮುಖವನ್ನು ತೋರಿಸಿಯೂ ಇದನ್ನು ಪಡೆಯುವ ಅನುಕೂಲವಾಗಿದೆ. ಆಧಾರ್ ದಾಖಲೆಯಲ್ಲಿನ ಚಿತ್ರ ಬಹಳ ಹಳೆಯದಾಗಿದ್ದರೆ ಹಿರಿಯರು ನಡೆದಾಡುವ ಶಕ್ತಿಯಿರುವಾಗಲೇ ಹೊಸದು ಮಾಡಿಸಿಡುವುದು ಲೇಸು. ಎಂಬತ್ತರ ನಂತರ ಐದು ವರುಷದ ಅಂತರವೂ ಮುಖದಲ್ಲಿ ದೊಡ್ಡದು.

ದೂರದ ಆರ್ಲ್ ನಗರದ ಸಂದೇಹ

ಸಾಕ್ಷಿಯಿಲ್ಲದ ಮುಪ್ಪಿಗೆ ಏನಾಗಬಹುದೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ನಿದರ್ಶನವನ್ನು ಆ ದಿನ ಹಿರಿಯರಿಗೆ ಹೇಳಿದೆವು. ಆ ದೇಶದ ದಕ್ಷಿಣಕ್ಕಿರುವ ಆರ್ಲ್ ಎಂಬ ನಗರದಲ್ಲಿ ಜಾನ್ ಕಾಲ್ಮಾ ಎಂಬ ಮಹಿಳೆ 1875ರ ಫೆಬ್ರವರಿ 21ರಂದು ಹುಟ್ಟಿ 1997ರ ಆಗಸ್ಟ್ 4ರಂದು ತೀರಿಕೊಂಡರು. 122 ವರುಷ, 164 ದಿನ. ದಾಖಲೆಗಳಿಂದ ದೃಢಪಟ್ಟ ಮಾನವ ಆಯುಸ್ಸಿನಲ್ಲಿ ಇದೇ ಅತಿ ದೀರ್ಘವಾದುದು. 1965ರಲ್ಲಿ, ಅವರಿಗೆ ತೊಂಬತ್ತಾದಾಗ, ಒಬ್ಬ ವಕೀಲರು ಅವರ ಮನೆಯನ್ನು ಅವರ ಕಾಲಾನಂತರ ಪಡೆಯುವ ಕರಾರಿನ ಮೇಲೆ ತಿಂಗಳಿಗೆ 2500 ಫ್ರಾಂಕ್ ಕೊಡಲು ಒಪ್ಪಿದರು. ಮೂವತ್ತು ವರುಷ ಕೊಟ್ಟು 1995ರಲ್ಲಿ ಆ ವಕೀಲರೇ ತೀರಿಕೊಂಡರು. ಮುದುಕಿ ಇನ್ನೂ ಇದ್ದರು!

ಆದರೆ ಅವರ ಬಾಳಿನಲ್ಲಿ ದುಃಖವೂ ಅಷ್ಟೇ ಇತ್ತು. ಒಬ್ಬಳೇ ಮಗಳು ಇವೋನ್ 1934ರಲ್ಲಿ, ಗಂಡ 1942ರಲ್ಲಿ, ಒಬ್ಬನೇ ಮೊಮ್ಮಗ 1963ರಲ್ಲಿ ತೀರಿಹೋದರು. ಅವರ ಯೌವನದ ಮುಖವನ್ನು ಕಂಡವರು ಯಾರೂ ಉಳಿಯಲಿಲ್ಲ. 2018ರಲ್ಲಿ, ಅವರು ಸತ್ತು ಇಪ್ಪತ್ತೊಂದು ವರುಷಗಳಾದ ಮೇಲೆ, ನಿಕೊಲಾಯ್ ಜಾಕ್ ಎಂಬ ರಷ್ಯದ ಗಣಿತಜ್ಞರು ಹೊಸ ವಾದವನ್ನು ಮುಂದಿಟ್ಟರು. 1934ರಲ್ಲಿ ಸತ್ತವಳು ಮಗಳಲ್ಲ, ತಾಯಿ. ಮಗಳೇ ತಾಯಿಯ ಹೆಸರನ್ನು ಧರಿಸಿ ಬಾಳಿದಳು. ಹಾಗಾಗಿ 1997ರಲ್ಲಿ ಸತ್ತವಳಿಗೆ ತೊಂಬತ್ತೊಂಬತ್ತೇ ವರುಷ ಎಂದು. ಹಳೆಯ ಚಿತ್ರಗಳಲ್ಲಿನ ಮುಖಲಕ್ಷಣಗಳ ಹೋಲಿಕೆಯೂ ಆ ವಾದದಲ್ಲಿ ಸೇರಿತ್ತು. ಮೊದಲು ಆಕೆಯ ವಯಸ್ಸನ್ನು ಪರೀಕ್ಷಿಸಿದ್ದ ರೊಬಿನ್, ಅಲ್ಲಾರ್ ಮುಂತಾದ ವಿದ್ವಾಂಸರು 2019ರಲ್ಲಿ ಉತ್ತರ ಕೊಟ್ಟರು. ಅವರು ಮುಖ್ಯವಾಗಿ ಅವಲಂಬಿಸಿದ್ದು ಮೂಗು ಕಿವಿಗಳನ್ನಲ್ಲ. ಜನನ, ವಿವಾಹ, ಮರಣಗಳ ದಾಖಲೆಗಳನ್ನೂ ಜನಗಣತಿಯ ಪಟ್ಟಿಗಳನ್ನೂ, ಇಂಥ ವೇಷಾಂತರವನ್ನು ಇಡೀ ಊರಿನಿಂದ ಮುಚ್ಚಿಡುವುದು ಅಸಂಭವವೆಂಬುದನ್ನೂ. ಕಾಲ್ಮಾ ಅವರ ದಾಖಲೆ ಇಂದಿಗೂ ಮಾನ್ಯವಾಗಿಯೇ ಉಳಿದಿದೆ.

ತಾಯಿ ಮಗಳ ಮುಖಗಳು ಹೋಲುವುದು ಸಹಜ. ಇಪ್ಪತ್ತರ ಮುಖಕ್ಕೂ ನೂರಿಪ್ಪತ್ತರ ಮುಖಕ್ಕೂ ಹೋಲಿಕೆ ಸಿಗದಿರುವುದೂ ಸಹಜ. ಆದುದರಿಂದ ಮುಖವೊಂದನ್ನೇ ಹಿಡಿದು ಇವನೇ ಅವನು ಎಂದಾಗಲಿ, ಅಲ್ಲ ಎಂದಾಗಲಿ ಸಾಧಿಸಲು ಬಾರದು. ಕಡಿಯದೆ ಬಂದ ಕಂಡವರ ಸರಣಿಯೇ ಗುರುತಿನ ನಿಜವಾದ ಆಧಾರ.

ಸಿದ್ಧಗಂಗೆಯಲ್ಲಿ ಆ ಸರಣಿ ಒಂದು ದಿನವೂ ಕಡಿಯಲಿಲ್ಲ. 1930ರಿಂದ 2019ರವರೆಗೆ, ಎಂಬತ್ತೊಂಬತ್ತು ವರುಷ, ಪೂಜ್ಯರು ಅದೇ ಬೆಟ್ಟದ ಅಡಿಯಲ್ಲಿ ಜನರ ನಡುವೆ ಬಾಳಿದರು. ಆರಂಭದ ದಿನಗಳಲ್ಲಿ ಹಳ್ಳಿಹಳ್ಳಿಗೆ ತಿರುಗಿ ವಿದ್ಯಾರ್ಥಿಗಳಿಗಾಗಿ ಧಾನ್ಯ ಭಿಕ್ಷೆ ಎತ್ತಿದರು. ಇಂದು ಕಂಡವರು ನಿನ್ನೆ ಕಂಡವರಿಗೆ ಪರಿಚಿತರು. ನಿನ್ನೆ ಕಂಡವರು ಮೊನ್ನೆ ಕಂಡವರ ಮಕ್ಕಳು. ಅಜ್ಜ, ಮಗ, ಮೊಮ್ಮಗ ಮೂವರೂ ಅವರ ಕೈಯಿಂದಲೇ ವಿಭೂತಿ ಪಡೆದ ಮನೆಗಳು ಎಷ್ಟೋ ಇವೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದಾಗ ಲೋಕವು ಒಂದು ವೃದ್ಧ ಮುಖವನ್ನು ಕಂಡಿತು. ಆದರೆ ಆ ಮನೆಗಳ ಜನರು ಅದೇ ಮುಖದ ಹಿಂದೆ ಮೂವತ್ತರ, ಐವತ್ತರ, ಎಂಬತ್ತರ ಮುಖಗಳನ್ನೂ ಕಂಡರು.

ಅರಿವು ಮತ್ತು ಕುರುಹು

ಹನ್ನೆರಡನೆಯ ಶತಮಾನದ ಶರಣರ ಮುಖಗಳು ಹೇಗಿದ್ದುವು? ನಮಗೆ ತಿಳಿಯದು. ಬಸವಣ್ಣನವರನ್ನು, ಅಕ್ಕಮಹಾದೇವಿಯನ್ನು ನಾವು ಚಿತ್ರಗಳಲ್ಲಿ ಪೂಜಿಸುತ್ತೇವೆ. ಅವು ಭಕ್ತಿಯುಳ್ಳ ಕಲಾವಿದರ ಕಲ್ಪನೆಗಳೇ ಹೊರತು ಅವರ ಕಾಲದಲ್ಲಿ ಎದುರು ಕುಳಿತು ಬರೆದ ಚಿತ್ರಗಳಲ್ಲ. ಆದರೂ ಒಂದು ವಚನ ಯಾರದೆಂದು ನಾವು ಕೊನೆಯ ಅಂಕಿತದಿಂದ ಗುರುತಿಸುತ್ತೇವೆ. ಎಂಟು ನೂರು ವರುಷ ಮುಖವಿಲ್ಲದೆ ಅವರ ಗುರುತು ನಿಂತಿದೆ. ಮುಪ್ಪು ಅಡರುವ ಮೊದಲೇ ಶಿವನನ್ನು ನೆನೆಯೆಂದು ಬಸವಣ್ಣನವರು ಎಚ್ಚರಿಸಿದ್ದುಂಟು. ಆದರೆ ಅವರ ಮಾತಿನ ತಿರುಳು ಮುಪ್ಪಿನ ಭಯವಲ್ಲ. ದೇಹವು ಕೈಯಲ್ಲಿರುವಾಗಲೇ ಅದನ್ನು ಸಾರ್ಥಕಪಡಿಸಿಕೊಳ್ಳಬೇಕೆಂಬ ತ್ವರೆ.

ಶರಣರು ಅರಿವು, ಕುರುಹು ಎಂಬ ಎರಡು ಮಾತುಗಳನ್ನು ಬಳಸಿದರು. ಕುರುಹು ಹೊರಗೆ ಕಾಣುವ ಗುರುತು. ಅರಿವು ಅದರಿಂದ ತಿಳಿಯಬೇಕಾದ ವಸ್ತು. ಕುರುಹಿಲ್ಲದೆ ಅರಿವಿಗೆ ದಾರಿಯಿಲ್ಲ. ಕುರುಹಿನಲ್ಲಿಯೇ ನಿಂತರೂ ಅರಿವಿಲ್ಲ. ನಮ್ಮ ಅಲ್ಪಮತಿಗೆ ತೋರುವಂತೆ, ಮುಖವೂ ಒಂದು ಕುರುಹು. ಕಾಲವು ಅದನ್ನು ದಿನದಿನಕ್ಕೂ ಅಳಿಸಿ ಬರೆಯುತ್ತದೆ. ಅದನ್ನು ಹಿಡಿದು ಮನುಷ್ಯನನ್ನು ಅರಿಯಬೇಕಾದವರು ಜೊತೆಯಲ್ಲಿರುವ ನಾವು.

ಉಪಾಧ್ಯಾಯ ಮಿತ್ರರ ಪ್ರಶ್ನೆಗೆ ಬೆಟ್ಟದಡಿಯಲ್ಲಿ ನಮಗೆ ಹೊಳೆಯದಿದ್ದ ಉತ್ತರ ಇದೇ ಎಂದು ಈಗ ತೋರುತ್ತದೆ. ಒಬ್ಬನು ಹುಡುಗನಾಗಿದ್ದನೆಂಬುದಕ್ಕೆ ಜೊತೆಗಾರರೇ ಸಾಕ್ಷಿ. ಅವರು ಹೋಗುವ ಮೊದಲು ಆ ಸಾಕ್ಷ್ಯವನ್ನು ಮನೆಯ ಮಕ್ಕಳು ಕೇಳಿ ಪಡೆದುಕೊಂಡರೆ ಸರಣಿ ಕಡಿಯುವುದಿಲ್ಲ, ಕೇಳದಿದ್ದರೆ ಕಡಿಯುತ್ತದೆ. ಅಷ್ಟೇ.

ಆದುದರಿಂದ ವಾಚಕ ಕುಟುಂಬಗಳಲ್ಲಿ ನಮ್ಮ ವಿನಂತಿ ದೊಡ್ಡದೇನೂ ಅಲ್ಲ. ಮನೆಯಲ್ಲಿರುವ ಹಳೆಯ ಭಾವಚಿತ್ರಗಳನ್ನು ಒಂದು ಭಾನುವಾರ ಹೊರಗೆ ತೆಗೆಯಿರಿ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪ್ರತಿಯೊಂದು ಮುಖದ ಹೆಸರು, ಊರು, ವರುಷಗಳನ್ನು ಕೇಳಿ ಚಿತ್ರದ ಹಿಂದೆ ಸೀಸದ ಕಡ್ಡಿಯಿಂದ ಹಗುರಾಗಿ ಬರೆಯಿರಿ. ಅವರ ಬಾಲ್ಯದ ಗೆಳೆಯರು ಪಕ್ಕದ ಊರಿನಲ್ಲಿದ್ದರೆ ಒಮ್ಮೆ ಕರೆದುಕೊಂಡು ಹೋಗಿ ಭೇಟಿ ಮಾಡಿಸಿರಿ. ಎಂಬತ್ತು ದಾಟಿದವರಿಗೆ ಇದಕ್ಕಿಂತ ದೊಡ್ಡ ತೀರ್ಥಯಾತ್ರೆಯಿಲ್ಲ. ಮರೆವಿನ ಕಾಯಿಲೆ ಬಂದು ತಾಯಿ ಮಗನ ಮುಖವನ್ನೇ ಗುರುತಿಸದಿರುವ ಮನೆಗಳೂ ಇವೆ. ಅಲ್ಲಿ ಮಗನು, "ಅವ್ವನಿಗೆ ನಾನು ಯಾರೆಂದು ಗೊತ್ತಿಲ್ಲ, ಹೋಗಿ ಏನು ಮಾಡಲಿ" ಎನ್ನಬಾರದು. ಅವಳಿಗೆ ಅವನ ಗುರುತು ತಪ್ಪಿರಬಹುದು; ಅವನಿಗೆ ಅವಳ ಗುರುತು ತಪ್ಪಿಲ್ಲವಷ್ಟೆ. ಮಾತು ಬಾರದ, ಮುಖ ತಿಳಿಯದ ಕೂಸಾಗಿದ್ದಾಗ ಅವನನ್ನು ಮಗನೆಂದು ಅರಿತು ಎತ್ತಿಕೊಂಡವಳು ಅವಳು. ಈಗ ಅರಿಯುವ ಸರದಿ ಅವನದು.